ಹೊಟ್ಟೆಗೆ ಪೆಟ್ಟು, ‘ಸ್ಕ್ಯಾನಿಂಗ್ ನಾರ್ಮಲ್’: ಹಾಗಾದರೆ ಮನೆಗೆ ಹೋಗಬಹುದೇ?

ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ಕಾಸರಗೋಡಿನ ಕಡೆ ಹೊರಟರೆ ಸಿಗುವ ದೊಡ್ಡ ಜಂಕ್ಷನ್ ತೊಕ್ಕೊಟ್ಟು. ಬಲಕ್ಕೆ ತಿರುಗಿದರೆ ಉಳ್ಳಾಲ, ಎಡಕ್ಕೆ ದೇರಳಕಟ್ಟೆ, ಕೊಣಾಜೆ, ಮುಡಿಪು; ನೇರ ಹೋದರೆ ತಲಪಾಡಿ ಗಡಿ. ರಾಷ್ಟ್ರೀಯ ಹೆದ್ದಾರಿ 66ರ ಟ್ಯಾಂಕರು, ಮೀನಿನ ಲಾರಿ, ಸಿಟಿ ಬಸ್ಸು, ಕಾಲೇಜು ಮಕ್ಕಳ ಸ್ಕೂಟರು ಎಲ್ಲ ಇಲ್ಲಿ ಒಂದಕ್ಕೊಂದು ಅಡ್ಡ ಹಾಯುತ್ತವೆ. ಇಂಥ ಕಡೆ ಮಳೆಗಾಲದಲ್ಲಿ ಒಂದು ಬೈಕ್ ಜಾರಿ ಬಿದ್ದಿತು ಎಂದುಕೊಳ್ಳಿ. ಹ್ಯಾಂಡಲಿನ ತುದಿ ಸವಾರನ ಹೊಟ್ಟೆಗೆ ಒತ್ತಿದೆ. ಮೊಣಕೈ ತರಚಿದೆ, ಅಷ್ಟೇ. ಹುಡುಗ ಎದ್ದು ಪ್ಯಾಂಟ್ ಕೊಡವಿಕೊಂಡು “ದಾಲ ಇಜ್ಜಿ” ಅನ್ನುತ್ತಾನೆ. ಯಾರೋ ಸೋಡಾ ತಂದು ಕುಡಿಸುತ್ತಾರೆ. ರಕ್ತ ಬಂದಿಲ್ಲ, ತಲೆಗೆ ಪೆಟ್ಟಾಗಿಲ್ಲ, ಬಚಾವ್ ಎಂದು ಜನ ಚದುರುತ್ತಾರೆ.

‘ರಕ್ತ ಬಂದಿಲ್ಲ’ ಎನ್ನುವ ಈ ಮಾತೇ ನಮ್ಮ ಇವತ್ತಿನ ವಿಷಯ. ರಕ್ತ ಹೊರಗೆ ಬಂದಿಲ್ಲ ಎನ್ನುವುದಷ್ಟೇ ನಮಗೆ ಗೊತ್ತಿರುವುದು. ಒಳಗೆ ಸೋರುತ್ತಿದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಅದನ್ನು ಹಾಸಿಗೆಯ ಪಕ್ಕದಲ್ಲೇ, ಎರಡು ಮೂರು ನಿಮಿಷದಲ್ಲಿ ನೋಡಲು ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಬಳಸುವ ಒಂದು ಸಣ್ಣ ಸ್ಕ್ಯಾನಿಂಗ್ ಇದೆ. ಅದು ತುಂಬಾ ಉಪಯುಕ್ತ. ಆದರೆ ಅದರ ವರದಿಯನ್ನು ಮನೆಯವರು ಅರ್ಥ ಮಾಡಿಕೊಳ್ಳುವ ರೀತಿ ಮಾತ್ರ ಬಹಳ ಸಲ ತಪ್ಪು.

ಹೊಟ್ಟೆ ಎಷ್ಟು ರಕ್ತ ಬಚ್ಚಿಡಬಲ್ಲದು?

70 ಕಿಲೋ ತೂಕದ ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಹೊಟ್ಟೆಯೊಳಗೆ ಕರುಳು, ಲಿವರ್, ಗುಲ್ಮ ಇತ್ಯಾದಿ ಅಂಗಗಳ ಸುತ್ತ ಒಂದು ತೆಳುವಾದ ಪೊರೆಯ ಚೀಲವಿದೆ. ಆ ಚೀಲದಲ್ಲಿ ಒಂದೂವರೆ, ಎರಡು ಲೀಟರ್ ರಕ್ತ ತುಂಬಿಕೊಂಡರೂ ಹೊರಗಿನಿಂದ ನೋಡಿದವರಿಗೆ ಹೊಟ್ಟೆ ಮಾಮೂಲಿಯಂತೆಯೇ ಕಾಣಬಹುದು. “ಹೊಟ್ಟೆ ಉಬ್ಬಿಲ್ಲ, ಹಾಗಾಗಿ ಏನೂ ಇಲ್ಲ” ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಿಪಿ ಲೆಕ್ಕವೂ ಮೋಸ ಮಾಡುತ್ತದೆ. ವೈದ್ಯರು ರಕ್ತಸ್ರಾವವನ್ನು ನಾಲ್ಕು ಹಂತವಾಗಿ ನೋಡುತ್ತಾರೆ. ಸುಮಾರು 750 ಮಿಲಿ ಲೀಟರ್ ಹೋಗುವ ತನಕ ಮೈ ಅದನ್ನು ತೋರಿಸಿಕೊಳ್ಳುವುದೇ ಇಲ್ಲ. 750ರಿಂದ 1500ರ ನಡುವೆ ನಾಡಿ ಜೋರಾಗುತ್ತದೆ, ಚಡಪಡಿಕೆ ಶುರುವಾಗುತ್ತದೆ, ಆದರೆ ಬಿಪಿ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. 1500 ದಾಟಿದ ಮೇಲೆ, ಅಂದರೆ ಮೈಯ ರಕ್ತದಲ್ಲಿ 100ಕ್ಕೆ 30 ಪಾಲು ಹೋದ ಮೇಲೆ, ಬಿಪಿ ಸ್ಪಷ್ಟವಾಗಿ ಇಳಿಯುತ್ತದೆ. ಗಟ್ಟಿಮುಟ್ಟಾದ ಯುವಕರಲ್ಲಿ ಮೈ ಕೊನೆಯವರೆಗೂ ತಡೆದುಕೊಂಡು ನಂತರ ಒಮ್ಮೆಲೇ ಕುಸಿಯುವುದುಂಟು. ವಯಸ್ಸಾದವರಲ್ಲಿ ಕತೆ ಬೇರೆ. ದಿನವೂ 160 ಬಿಪಿ ಇರುವ ಅಜ್ಜನಿಗೆ 110 ಬಂದರೆ ಅದು ‘ನಾರ್ಮಲ್’ ಅಲ್ಲ, ಇಳಿದಿದೆ ಎಂದು ಅರ್ಥ. ಬಿಪಿ ಅಥವಾ ಹೃದಯದ ಕಾಯಿಲೆಗೆ ಕೆಲವು ಮಾತ್ರೆ ತಿನ್ನುವವರಲ್ಲಿ ರಕ್ತ ಸೋರಿದರೂ ನಾಡಿ ಜೋರಾಗುವುದಿಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ ಹಿಮೋಗ್ಲೋಬಿನ್ನಿನದು. “ರಕ್ತ ಪರೀಕ್ಷೆ ಮಾಡಿದರು, ಎಚ್‌ಬಿ 14 ಇದೆ, ರಕ್ತ ಹೋಗಿಲ್ಲ” ಎಂದು ಮನೆಗೆ ಫೋನ್ ಮಾಡಿ ಹೇಳುವವರಿದ್ದಾರೆ. ಒಂದು ಪಾತ್ರೆ ಮಜ್ಜಿಗೆಯಲ್ಲಿ ಅರ್ಧ ಚೆಲ್ಲಿಹೋಯಿತು ಎಂದುಕೊಳ್ಳಿ. ಉಳಿದ ಮಜ್ಜಿಗೆಯ ಉಪ್ಪು ಕಡಿಮೆಯಾಯಿತೇ? ಇಲ್ಲ. ಅದಕ್ಕೆ ನೀರು ಸೇರಿಸಿದಾಗಲೇ ಉಪ್ಪು ಸಪ್ಪೆಯಾಗುವುದು. ಮೈಯಲ್ಲೂ ಹಾಗೆಯೇ. ಅಂಗಾಂಶಗಳಿಂದ ನೀರು ರಕ್ತನಾಳಕ್ಕೆ ಬಂದು ಸೇರಿದ ಮೇಲೆ, ಅಥವಾ ಗ್ಲೂಕೋಸು, ಸಲೈನು ಹಾಕಿದ ಮೇಲೆ ಎಚ್‌ಬಿ ಇಳಿಯುತ್ತದೆ. ಅದಕ್ಕೆ ಗಂಟೆಗಳೇ ಬೇಕಾಗಬಹುದು. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ರಕ್ತ ತೆಗೆಯುವುದು ಬಿಲ್ಲು ಏರಿಸುವುದಕ್ಕೆ ಎಂದು ಅನುಮಾನಪಡುವ ಮೊದಲು ಈ ಮಜ್ಜಿಗೆ ನೆನಪಿಗೆ ಬರಲಿ.

ನಮ್ಮ ಕರಾವಳಿಯಲ್ಲಿ ಹೊಟ್ಟೆಗೆ ಪೆಟ್ಟಾಗುವುದು ರಸ್ತೆಯಲ್ಲಿ ಮಾತ್ರ ಅಲ್ಲ. ತೆಂಗಿನ ಮರದಿಂದ, ಅಡಿಕೆ ಮರದಿಂದ ಬಿದ್ದವರು, ಮಾಡಿನ ಹಂಚು ಸರಿ ಮಾಡಲು ಹತ್ತಿ ಜಾರಿದವರು, ದನದ ಕೊಂಬಿನ ತಿವಿತ ತಿಂದವರು, ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಒತ್ತಿಸಿಕೊಂಡ ಮಕ್ಕಳು, ಎಲ್ಲರೂ ಈ ಪಟ್ಟಿಯವರೇ. ಇಂಥ ಮೊಂಡು ಪೆಟ್ಟಿನಲ್ಲಿ ಹೆಚ್ಚಾಗಿ ಹರಿಯುವುದು ಎಡಗಡೆ ಪಕ್ಕೆಲುಬಿನ ಅಡಿಯ ಗುಲ್ಮ ಮತ್ತು ಬಲಗಡೆಯ ಲಿವರ್. ಗುಲ್ಮದ ರಕ್ತ ವಪೆಗೆ ತಾಗಿದಾಗ ಕೆಲವರಿಗೆ ಎಡ ಭುಜ ನೋಯುತ್ತದೆ. ಭುಜಕ್ಕೆ ಪೆಟ್ಟೇ ಬಿದ್ದಿಲ್ಲ, ಆದರೂ ನೋವು. ಅದಕ್ಕೆ ಮುಲಾಮು ತಿಕ್ಕಿ ಮಲಗಿದರೆ ಏನಾಗಬಹುದು ಊಹಿಸಿ.

ಕಪ್ಪು ಗೆರೆಯ ಹುಡುಕಾಟ

ಹಿಂದೆ ಇದನ್ನು ಪತ್ತೆ ಮಾಡಲು ಹೊಟ್ಟೆಗೇ ತೂತು ಹಾಕಬೇಕಿತ್ತು. 1965ರಲ್ಲಿ ಅಮೆರಿಕದ ವೈದ್ಯರು ಒಂದು ವಿಧಾನ ಮುಂದಿಟ್ಟರು: ಹೊಕ್ಕುಳ ಬಳಿ ಸಣ್ಣ ನಳಿಗೆ ಹಾಕಿ, ಸಲೈನ್ ಬಿಟ್ಟು, ಅದನ್ನು ಹೊರಗೆ ತೆಗೆದು ರಕ್ತ ಇದೆಯೇ ಎಂದು ನೋಡುವುದು. ತುಂಬಾ ಸೂಕ್ಷ್ಮ ಪರೀಕ್ಷೆ, ಎಷ್ಟು ಸೂಕ್ಷ್ಮ ಎಂದರೆ ತಾನಾಗಿಯೇ ನಿಲ್ಲುವ ಸಣ್ಣ ಗಾಯಗಳಿಗೂ ಹೊಟ್ಟೆ ಕೊಯ್ಯುವಂತಾಯಿತು. ಅಲ್ಟ್ರಾಸೌಂಡಿನಿಂದ ಹೊಟ್ಟೆಯ ರಕ್ತ ನೋಡಬಹುದು ಎಂದು ಯುರೋಪಿನ ವೈದ್ಯರು 1970ರ ದಶಕದಲ್ಲೇ ತೋರಿಸಿದ್ದರು. ಜರ್ಮನಿಯಲ್ಲಿ ಶಸ್ತ್ರಚಿಕಿತ್ಸಕರೇ ಅದನ್ನು ಕಲಿತು ಬಳಸತೊಡಗಿದರು. 1990ರ ದಶಕದಲ್ಲಿ ಅಮೆರಿಕದ ಗ್ರೇಸ್ ರೊಜಿಕಿ ಮತ್ತಿತರ ಶಸ್ತ್ರಚಿಕಿತ್ಸಕರ ಕೈಯಲ್ಲಿ ಅದಕ್ಕೆ ಒಂದು ಖಚಿತ ಕ್ರಮ ಬಂತು. ‘ಫಾಸ್ಟ್’ ಎಂಬ ಹೆಸರೂ ಬಂತು. ಅಪಘಾತದ ಗಾಯಾಳುವಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹುಡುಕುವ ಸ್ಕ್ಯಾನಿಂಗ್ ಎಂದು ಅದರ ತಾತ್ಪರ್ಯ.

ಆ ಒಂದೇ ಪ್ರಶ್ನೆ ಯಾವುದು? ‘ಇರಬಾರದ ಜಾಗದಲ್ಲಿ ದ್ರವ ಇದೆಯೇ?’ ಅಷ್ಟೇ. ಗುಲ್ಮ ಎಷ್ಟು ಹರಿದಿದೆ, ಕರುಳು ತೂತಾಗಿದೆಯೇ, ಕಿಡ್ನಿ ಒಡೆದಿದೆಯೇ ಎನ್ನುವುದಕ್ಕೆ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ, ಕೊಡುತ್ತೇನೆ ಎಂದು ಹೇಳಿಕೊಳ್ಳುವುದೂ ಇಲ್ಲ.

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನಾಂಕದ ಶಬ್ದ. ಚರ್ಮದ ಮೇಲಿಟ್ಟ ಉಪಕರಣದಿಂದ ಹೊರಟ ಶಬ್ದ ಒಳಗಿನ ಅಂಗಗಳಿಗೆ ತಾಗಿ ಮರುಧ್ವನಿಯಾಗಿ ಬರುತ್ತದೆ. ಲಿವರ್, ಕಿಡ್ನಿಗಳಂಥ ಗಟ್ಟಿ ಅಂಗಗಳು ಬೂದು ಬಣ್ಣದಲ್ಲಿ ಕಾಣುತ್ತವೆ. ದ್ರವದೊಳಗೆ ಶಬ್ದ ತಿರುಗಿ ಬರುವುದಕ್ಕೆ ಏನೂ ಸಿಗದ ಕಾರಣ ಅದು ಕಪ್ಪಾಗಿ ಕಾಣುತ್ತದೆ. ವೈದ್ಯರು ಹುಡುಕುವುದು ಈ ಕಪ್ಪು ಗೆರೆಯನ್ನು. ಹೊಟ್ಟೆಯೆಲ್ಲ ಹುಡುಕಬೇಕಾಗಿಲ್ಲ, ಏಕೆಂದರೆ ನೀರಿನ ಹಾಗೆ ರಕ್ತವೂ ತಗ್ಗಿಗೆ ಹರಿಯುತ್ತದೆ. ಅಂಗಾತ ಮಲಗಿದಾಗ ಹೊಟ್ಟೆಯೊಳಗಿನ ತಗ್ಗುಗಳು ಎಲ್ಲಿವೆ ಎಂಬುದು ಗೊತ್ತಿರುವ ವಿಷಯ: ಬಲಗಡೆ ಲಿವರ್ ಮತ್ತು ಕಿಡ್ನಿಯ ನಡುವೆ, ಎಡಗಡೆ ಗುಲ್ಮದ ಸುತ್ತ, ಕೆಳಗೆ ಮೂತ್ರಕೋಶದ ಹಿಂದೆ. ನಾಲ್ಕನೆಯದಾಗಿ ಎದೆಮೂಳೆಯ ಕೆಳಗಿನಿಂದ ಹೃದಯದ ಸುತ್ತಲ ಪೊರೆಯನ್ನೂ ನೋಡುತ್ತಾರೆ. ಈಗ ಹೆಚ್ಚಿನ ಕಡೆ ಎದೆಯ ಎರಡೂ ಬದಿಗೆ ಉಪಕರಣ ಇಟ್ಟು ಶ್ವಾಸಕೋಶದ ಸುತ್ತ ಗಾಳಿ ಅಥವಾ ರಕ್ತ ಸೇರಿದೆಯೇ ಎಂದೂ ಪರೀಕ್ಷಿಸುತ್ತಾರೆ.

ಗಾಯಾಳುವನ್ನು ಕದಲಿಸಬೇಕಿಲ್ಲ. ಒಂದು ಕಡೆ ಸಲೈನ್ ಹಾಕುತ್ತಿರುವಾಗಲೇ ಇನ್ನೊಂದು ಕಡೆ ಇದನ್ನು ಮಾಡಬಹುದು. ಬೇಕಾದರೆ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬಹುದು. ಬಿಪಿ ಕುಸಿಯುತ್ತಿರುವ ಗಾಯಾಳುವನ್ನು ಸಿಟಿ ಸ್ಕ್ಯಾನ್ ಕೋಣೆಗೆ ಒಯ್ದು ಯಂತ್ರದೊಳಗೆ ಮಲಗಿಸುವುದು ಎಷ್ಟು ಅಪಾಯ ಎಂಬುದು ಆ ಕೆಲಸ ಮಾಡುವವರಿಗೆ ಗೊತ್ತು. ಅಂಥವರಿಗಾಗಿಯೇ ಈ ಪರೀಕ್ಷೆ ಹುಟ್ಟಿದ್ದು. ಬಿಪಿ ಇಳಿದಿದೆ, ಸ್ಕ್ರೀನಿನಲ್ಲಿ ಕಪ್ಪು ಗೆರೆ ಕಂಡಿದೆ ಎಂದಾದರೆ ಸಿಟಿಗೆ ಕಾಯದೆ ನೇರ ಆಪರೇಷನ್ ಕೋಣೆಗೆ ಒಯ್ಯುತ್ತಾರೆ. “ಸಿಟಿ ಕೂಡ ಮಾಡದೆ ಕೊಯ್ದುಬಿಟ್ಟರು” ಎಂದು ಕೋಪಿಸಿಕೊಳ್ಳುವ ಬಂಧುಗಳಿಗೆ ನಾವು ಹೇಳುವುದಿಷ್ಟೇ: ಅಲ್ಲಿ ಸಿಟಿಗೆ ಕಾಯುವುದೇ ತಪ್ಪಾಗುತ್ತಿತ್ತು.

ಹಾಗೆಂದು ಕಪ್ಪು ಗೆರೆ ಕಂಡವರಿಗೆಲ್ಲ ಆಪರೇಷನ್ ಇಲ್ಲ. ಬಿಪಿ, ನಾಡಿ ಗಟ್ಟಿಯಾಗಿದ್ದರೆ ಸಿಟಿ ಮಾಡಿ ಯಾವ ಅಂಗಕ್ಕೆ ಎಷ್ಟು ಪೆಟ್ಟಾಗಿದೆ ಎಂದು ನೋಡುತ್ತಾರೆ. ಲಿವರ್, ಗುಲ್ಮದ ಗಾಯಗಳಲ್ಲಿ ಬಹುಪಾಲು ಇಂದು ಕೊಯ್ಯದೆಯೇ, ನಿಗಾದಲ್ಲಿಟ್ಟು ವಾಸಿ ಮಾಡಲಾಗುತ್ತದೆ. ಗುಲ್ಮ ಉಳಿಸಿಕೊಳ್ಳಲು ವೈದ್ಯರು ಒದ್ದಾಡುವುದಕ್ಕೆ ಕಾರಣವಿದೆ. ಅದು ಹೋದರೆ ಕೆಲವು ಬ್ಯಾಕ್ಟೀರಿಯಾಗಳ ವಿರುದ್ಧ ಮೈಯ ಕಾವಲು ಜೀವನಪೂರ್ತಿ ದುರ್ಬಲವಾಗುತ್ತದೆ, ಲಸಿಕೆಗಳನ್ನು ಹಾಕಿಸಿಕೊಳ್ಳಬೇಕಾಗುತ್ತದೆ.

‘ನಾರ್ಮಲ್’ ಎಂಬ ಪದದ ಕಷ್ಟ

ಈಗ ಮುಖ್ಯ ವಿಷಯಕ್ಕೆ ಬರೋಣ. ಪರೀಕ್ಷೆಯಲ್ಲಿ ಕಪ್ಪು ಗೆರೆ ಕಾಣಲಿಲ್ಲ. ‘ಸ್ಕ್ಯಾನಿಂಗ್ ನಾರ್ಮಲ್’ ಎಂದು ಮನೆಯವರಿಗೆ ಗೊತ್ತಾಯಿತು. ಫ್ಯಾಮಿಲಿ ಗ್ರೂಪಿಗೆ ಸಂದೇಶ ಹೋಯಿತು. ಡಾಕ್ಟರು “ರಾತ್ರಿ ಇಲ್ಲೇ ಇರಲಿ” ಅನ್ನುತ್ತಾರೆ. ಮನೆಯವರು “ನಾರ್ಮಲ್ ಅಂದಮೇಲೆ ಮತ್ತೇಕೆ?” ಅನ್ನುತ್ತಾರೆ. ಹಣದ ಚಿಂತೆಯೂ ಸೇರಿಕೊಂಡಿರುತ್ತದೆ. ಸಹಿ ಹಾಕಿ ಕರೆದುಕೊಂಡು ಹೋಗುತ್ತಾರೆ.

1995ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಈ ಪ್ರಶ್ನೆಯನ್ನು ಚಂದ ಮಾಡಿ ಬಿಡಿಸಿತು. ಆಗ ಹೊಟ್ಟೆಗೆ ಸಲೈನ್ ಬಿಟ್ಟು ತೊಳೆಯುವ ಹಳೆಯ ವಿಧಾನ ಇನ್ನೂ ಚಾಲ್ತಿಯಲ್ಲಿತ್ತಲ್ಲ. ಆ ಸಲೈನ್ ಒಳಗೆ ಹೋಗುತ್ತಿದ್ದಂತೆ ಅಲ್ಟ್ರಾಸೌಂಡ್ ಹಿಡಿದು, ಎಷ್ಟು ಹೋದಾಗ ಲಿವರ್-ಕಿಡ್ನಿ ನಡುವಿನ ತಗ್ಗಿನಲ್ಲಿ ಕಪ್ಪು ಗೆರೆ ಕಾಣುತ್ತದೆ ಎಂದು 100 ಗಾಯಾಳುಗಳಲ್ಲಿ ನೋಡಿದರು. ಸರಾಸರಿ 619 ಮಿಲಿ ಲೀಟರ್! 400ಕ್ಕಿಂತ ಕಡಿಮೆ ಇದ್ದಾಗ ಗುರುತಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಇಂದಿನ ಯಂತ್ರಗಳು ಸುಧಾರಿಸಿವೆ, ಮೂರೂ ತಗ್ಗುಗಳನ್ನು ನೋಡಿದಾಗ ಇನ್ನೂ ಕಡಿಮೆ ರಕ್ತ ಕಾಣಬಹುದು. ಆದರೂ ಒಂದು ಲೋಟ ರಕ್ತ ಸೋರಿದ್ದು ಕಾಣದೇ ಹೋಗುವ ಸಾಧ್ಯತೆ ಯಾವಾಗಲೂ ಇದೆ. ಅಪಘಾತವಾಗಿ ಹತ್ತೇ ನಿಮಿಷಕ್ಕೆ ದೇರಳಕಟ್ಟೆಯ ಆಸ್ಪತ್ರೆ ಮುಟ್ಟಿದವರ ಹೊಟ್ಟೆಯಲ್ಲಿ ಆ ಹೊತ್ತಿಗೆ ಅಷ್ಟು ರಕ್ತ ಸೇರಿಯೇ ಇರುವುದಿಲ್ಲ. ತೊಕ್ಕೊಟ್ಟಿನಿಂದ ನಾಲ್ಕೈದು ಕಿಲೋಮೀಟರಿನೊಳಗೆ ಕೆ.ಎಸ್. ಹೆಗ್ಡೆ, ಯೆನೆಪೋಯ ಮೆಡಿಕಲ್ ಕಾಲೇಜುಗಳಿವೆ, ಸ್ವಲ್ಪ ಆಚೆ ನಾಟೆಕಲ್‌ನಲ್ಲಿ ಕಣಚೂರು. ನೇತ್ರಾವತಿಯ ಆಚೆ ದಡದಲ್ಲಿ ವೆನ್ಲಾಕ್ ಇದೆ. ಬೇಗ ತಲುಪುವುದು ದೊಡ್ಡ ಭಾಗ್ಯವೇ. ಆದರೆ ಬೇಗ ಮಾಡಿದ ಮೊದಲ ಸ್ಕ್ಯಾನಿಂಗ್‌ನ ‘ಇಲ್ಲ’ಕ್ಕೆ ತೂಕ ಕಡಿಮೆ, ಅದನ್ನು ಮತ್ತೆ ಮಾಡಲೇಬೇಕು. ಕಾಸರಗೋಡಿನಿಂದ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದವರ ವಿಷಯದಲ್ಲಿ ಇದು ಉಲ್ಟಾ: ಅವರಲ್ಲಿ ರಕ್ತ ಕಾಣುವುದು ಸುಲಭ, ಉಳಿಸಲು ಸಮಯ ಕಡಿಮೆ. ಆ ಭಾಗದ ಜನರಿಗೆ ಈ ದಾರಿ ಎಷ್ಟು ಮುಖ್ಯ ಎಂಬುದು 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಎಲ್ಲರಿಗೂ ಗೊತ್ತಾಯಿತು. ಆಂಬುಲೆನ್ಸ್ ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯಿತು.

ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ಲೆಕ್ಕ ಹೀಗಿದೆ: ಎದೆ, ಹೊಟ್ಟೆಯ ಒಳಗಾಯ ನಿಜವಾಗಿ ಇರುವ 100 ಮಂದಿಯಲ್ಲಿ ಹಾಸಿಗೆ ಪಕ್ಕದ ಈ ಅಲ್ಟ್ರಾಸೌಂಡ್ ಸುಮಾರು 74 ಮಂದಿಯನ್ನು ಹಿಡಿಯುತ್ತದೆ, 26 ಮಂದಿ ತಪ್ಪಿಹೋಗುತ್ತಾರೆ. ಗಾಯ ಇಲ್ಲದ 100 ಮಂದಿಯಲ್ಲಿ 96 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳುತ್ತದೆ. ಮಕ್ಕಳಲ್ಲಿ ಹಿಡಿಯುವ ಪ್ರಮಾಣ ಇನ್ನೂ ಕಡಿಮೆ, 100ಕ್ಕೆ ಸುಮಾರು 63. ಅಂದರೆ ಇದು ‘ಇದೆ’ ಎಂದಾಗ ನಂಬಿ, ‘ಇಲ್ಲ’ ಎಂದಾಗ ಕಾಯಿರಿ.

ಏಕೆ ತಪ್ಪುತ್ತದೆ? ಕರುಳು ತೂತಾದರೆ ಮೊದಮೊದಲು ದ್ರವ ತೀರಾ ಕಡಿಮೆ. ಕಿಡ್ನಿ, ಮೇದೋಜೀರಕ ಗ್ರಂಥಿ, ಸೊಂಟದ ಮೂಳೆ ಮುರಿದಾಗ ಸೋರುವ ರಕ್ತ ಆ ಪೊರೆಯ ಚೀಲದ ಹಿಂದೆ, ಬೆನ್ನಿನ ಕಡೆ ಸೇರುತ್ತದೆ, ಅದು ಈ ಪರೀಕ್ಷೆಗೆ ಕಾಣುವುದೇ ಕಷ್ಟ. ಗುಲ್ಮ ಹರಿದಿದ್ದರೂ ಅದರ ಹೊದಿಕೆಯೊಳಗೇ ರಕ್ತ ನಿಂತಿರಬಹುದು, ಗಂಟೆಗಳ ಅಥವಾ ದಿನಗಳ ನಂತರ ಆ ಹೊದಿಕೆ ಒಡೆಯಬಹುದು. ಹೆಪ್ಪುಗಟ್ಟಿದ ರಕ್ತ ಕಪ್ಪಾಗಿ ಕಾಣದೆ ಬೂದಾಗಿ ಕಂಡು ಅಂಗದ ಭಾಗವೇ ಅನ್ನಿಸಬಹುದು. ದಪ್ಪ ಮೈಯವರಲ್ಲಿ, ಕರುಳಿನಲ್ಲಿ ಗಾಳಿ ತುಂಬಿದವರಲ್ಲಿ ಚಿತ್ರವೇ ಸರಿಯಾಗಿ ಬರುವುದಿಲ್ಲ. ಉಪಕರಣ ಹಿಡಿದ ಕೈಯ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಇನ್ನು ‘ಇದೆ’ ಎಂಬ ಉತ್ತರವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ಮೊದಲೇ ನೀರು ತುಂಬಿದವರಲ್ಲಿ, ಒಡೆದ ಮೂತ್ರಕೋಶದಿಂದ ಮೂತ್ರ ಸೋರಿದವರಲ್ಲಿ ಕಾಣುವುದೂ ಕಪ್ಪು ಗೆರೆಯೇ. ಅದು ರಕ್ತವೋ ನೀರೋ ಎಂದು ಯಂತ್ರ ಹೇಳುವುದಿಲ್ಲ. ಮೊದಲೇ ಇದ್ದ ಕಾಯಿಲೆಯನ್ನು, ಕುಡಿತದ ಅಭ್ಯಾಸವನ್ನು ಮುಜುಗರಪಡದೆ ವೈದ್ಯರಿಗೆ ಹೇಳಬೇಕು ಎನ್ನುವುದು ಇದಕ್ಕೇ.

ಬಿಪಿ ಸರಿಯಿರುವ ಮಕ್ಕಳಲ್ಲಿ ಇದನ್ನು ವಾಡಿಕೆಯಾಗಿ ಮಾಡುವುದರಿಂದ ಲಾಭವಿದೆಯೇ ಎಂದು ಅಮೆರಿಕದಲ್ಲಿ 925 ಮಕ್ಕಳ ಮೇಲೆ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಟಿಗಳ ಸಂಖ್ಯೆಯೂ ಕಡಿಮೆಯಾಗಲಿಲ್ಲ, ತಪ್ಪಿಹೋದ ಗಾಯಗಳ ಲೆಕ್ಕದಲ್ಲೂ ವ್ಯತ್ಯಾಸ ಬರಲಿಲ್ಲ. ಸ್ಕ್ಯಾನಿಂಗ್ ಎಷ್ಟು ಸುಲಭ ಎಂಬ ಕಾರಣಕ್ಕೆ ಎಲ್ಲರಿಗೂ ಅದೇ ಸಾಕು ಎಂದು ಹೇಳಲಾಗದು. ಮಕ್ಕಳ ಹೊಟ್ಟೆಯನ್ನು ಅನುಭವಿ ಕೈ ಮತ್ತೆ ಮತ್ತೆ ಮುಟ್ಟಿ ನೋಡುವುದಕ್ಕೆ ಈಗಲೂ ಬೆಲೆ ಇದೆ.

ಆಂಬುಲೆನ್ಸಿನಲ್ಲೇ ಏಕೆ ಮಾಡಬಾರದು?

ಅಂಗೈಯಗಲದ ಯಂತ್ರಗಳು ಬಂದಿವೆ, ಕೆಲವು ಮೊಬೈಲ್ ಫೋನಿಗೇ ಜೋಡಿಸುವಂಥವು. ಹಾಗಾದರೆ 108ರಲ್ಲಿ ಒಂದು ಇಟ್ಟರಾಗದೇ? ಕೇಳಬೇಕಾದ ಪ್ರಶ್ನೆಯೇ. ಉತ್ತರದ ಒಂದು ಭಾಗ ನೀವು ಪ್ರತಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ಓದುವ ಬೋರ್ಡಿನಲ್ಲಿದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ. 1994ರ ಈ ಕಾನೂನಿನಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿಯಾಗಿರಬೇಕು. ಹೊತ್ತೊಯ್ಯಬಹುದಾದ ಯಂತ್ರಗಳನ್ನು ನೋಂದಾಯಿಸಿದ ಆಸ್ಪತ್ರೆಯ ಆವರಣದೊಳಗೆ, ಅಥವಾ ಬೇರೆ ಆರೋಗ್ಯ ಸೇವೆಗಳನ್ನೂ ಕೊಡುವ ನೋಂದಾಯಿತ ಸಂಚಾರಿ ಘಟಕದಲ್ಲಿ ಮಾತ್ರ ಬಳಸಬೇಕು ಎಂದು 2012ರ ನಿಯಮ ತಿದ್ದುಪಡಿ ಬಿಗಿ ಮಾಡಿತು. ಹೆಣ್ಣು ಭ್ರೂಣಗಳನ್ನು ಉಳಿಸಲು ಹಾಕಿದ ಈ ಬೇಲಿ ಬೇಕಾದದ್ದೇ ಎಂಬುದು ನಮ್ಮ ಅಭಿಪ್ರಾಯ. ಅಪಘಾತದ ಗಾಯಾಳುವಿಗೆ ಅದರಿಂದ ಆಗುವ ನಷ್ಟವೂ ಹೊರಗೆ ಕಾಣುವಷ್ಟು ದೊಡ್ಡದಲ್ಲ: ಆಂಬುಲೆನ್ಸಿನಲ್ಲಿ ಕಪ್ಪು ಗೆರೆ ಕಂಡರೂ ಅಲ್ಲಿ ಮಾಡಬಹುದಾದದ್ದು ಬೇಗ ಓಡಿಸುವುದೊಂದೇ. ನಗರದ ಮಗ್ಗುಲಲ್ಲಿರುವ ತೊಕ್ಕೊಟ್ಟಿನಂಥ ಕಡೆ ಸ್ಕ್ಯಾನಿಂಗಿಗಾಗಿ ರಸ್ತೆಬದಿ ನಿಲ್ಲುವುದಕ್ಕಿಂತ ಆಸ್ಪತ್ರೆ ಮುಟ್ಟುವುದೇ ಮೇಲು. ಘಟ್ಟದ ತಪ್ಪಲಿನ ಊರುಗಳಿಗೆ ಈ ವಾದ ಅಷ್ಟು ಸರಿಹೊಂದುವುದಿಲ್ಲ, ಅಲ್ಲಿನ ತಾಲೂಕು ಆಸ್ಪತ್ರೆಗಳಲ್ಲಿ ಯಂತ್ರವೂ ಅದನ್ನು ಹಿಡಿಯಲು ಕಲಿತ ವೈದ್ಯರೂ ಇಪ್ಪತ್ತನಾಲ್ಕು ಗಂಟೆ ಇರಬೇಕು. ತುರ್ತು ವೈದ್ಯಕೀಯಕ್ಕೆ ಭಾರತದಲ್ಲಿ ಪ್ರತ್ಯೇಕ ವಿಭಾಗವಾಗಿ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ, ಕಲಿತವರು ಇನ್ನೂ ದೊಡ್ಡ ಆಸ್ಪತ್ರೆಗಳಲ್ಲೇ ಹೆಚ್ಚು.

ಅಂದಹಾಗೆ, ಅಲ್ಟ್ರಾಸೌಂಡಿನಲ್ಲಿ ರೇಡಿಯೇಷನ್ ಇಲ್ಲ. ಗರ್ಭಿಣಿಗೆ ಅಪಘಾತವಾದಾಗ “ಸ್ಕ್ಯಾನಿಂಗ್ ಬೇಡ, ಮಗುವಿಗೆ ತೊಂದರೆ” ಎಂದು ತಡೆಯಬೇಡಿ. ರೇಡಿಯೇಷನ್ ಇರುವುದು ಸಿಟಿ ಸ್ಕ್ಯಾನ್‌ನಲ್ಲಿ. ತಾಯಿಯ ಜೀವಕ್ಕೆ ಅಪಾಯವಿದ್ದರೆ ವೈದ್ಯರು ಅದನ್ನೂ ಮಾಡಿಸುತ್ತಾರೆ, ಮಾಡಿಸಬೇಕು.

ರಸ್ತೆಯಲ್ಲಿ, ಮನೆಯಲ್ಲಿ

ಹೊಟ್ಟೆಗೆ ಪೆಟ್ಟಾದವರಿಗೆ ಸೋಡಾ, ಎಳನೀರು, ಚಹಾ ಯಾವುದೂ ಬೇಡ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು, ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಭಯವೂ ಇದೆ. ಹೊಟ್ಟೆಗೆ ಎಣ್ಣೆ ಹಾಕಿ ಉಜ್ಜುವುದು, ಒತ್ತುವುದು ಖಂಡಿತ ಬೇಡ. ಮಲಗಿಸಿ, ಹೊದಿಸಿ, 108ಕ್ಕೆ ಕರೆ ಮಾಡಿ. ದಿನವೂ ತಿನ್ನುವ ಮಾತ್ರೆಗಳ ಪಟ್ಟಿ ಸಿಕ್ಕಿದರೆ ಜೊತೆಗೆ ತನ್ನಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಸಣ್ಣ ಗಾಯವೂ ನಿಲ್ಲದೆ ಸೋರುತ್ತದೆ, ಅದನ್ನು ಮೊದಲೇ ತಿಳಿದರೆ ವೈದ್ಯರು ಬೇರೆಯೇ ತಯಾರಿ ಮಾಡಿಕೊಳ್ಳುತ್ತಾರೆ.

ಪೊಲೀಸ್, ಕೋರ್ಟು ಎಂದು ಹೆದರಿ ದೂರ ನಿಲ್ಲುವವರು ಈಗಲೂ ಇದ್ದಾರೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಹೆಸರು, ವಿಳಾಸ ಕೊಡುವಂತೆ ಒತ್ತಾಯಿಸುವಂತಿಲ್ಲ. ಇಂಥವರ ರಕ್ಷಣೆಗೆಂದೇ ಇರುವ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಎತ್ತಿಹಿಡಿಯಿತು, ಕರ್ನಾಟಕ ಅದೇ ವರ್ಷ ತನ್ನದೇ ಮಸೂದೆ ತಂದಿತು. ಹಣದ ಚಿಂತೆಯಿಂದ ಅರ್ಧಕ್ಕೇ ಮನೆಗೆ ಕರೆದೊಯ್ಯುವವರಿಗೆ ಇನ್ನೊಂದು ವಿಷಯ: ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗಲೇ ಇದರ ಬಗ್ಗೆ ಕೇಳಿ.

ವೈದ್ಯರೇ ಬಿಡುಗಡೆ ಮಾಡಿ ಮನೆಗೆ ಬಂದಮೇಲೂ ಎರಡು ಮೂರು ದಿನ ಗಾಯಾಳು ಒಬ್ಬರೇ ಇರದಂತೆ ನೋಡಿಕೊಳ್ಳಿ. ಹೊಟ್ಟೆನೋವು ಕಡಿಮೆಯಾಗುವ ಬದಲು ಹೆಚ್ಚಾದರೆ, ಎಡ ಭುಜ ಕಾರಣವಿಲ್ಲದೆ ನೋಯತೊಡಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ತಣ್ಣಗೆ ಬೆವರಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹಿಂದಿರುಗಿ. ಹಳೆಯ ಸ್ಕ್ಯಾನಿಂಗ್ ವರದಿಯನ್ನೂ ಕೊಂಡೊಯ್ಯಿರಿ. ಅದರಲ್ಲಿ ಯಾವ ಗಂಟೆಗೆ ಮಾಡಿದ್ದು ಎಂದು ಬರೆದಿರದಿದ್ದರೆ ನೀವೇ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.